ಸಮ ಇದ್ದಾಗ ಬೈದರು

ಕಾಶಿಯಲ್ಲಿ ಎಲ್ಲರೂ ಎಲ್ಲರಿಗೂ ಗುರುಗಳೇ. ಪಾನ್ ಅಂಗಡಿಯವನು ಆಟೋದವನನ್ನು ‘ಗುರು’ ಅನ್ನುತ್ತಾನೆ, ಆಟೋದವನು ದಾರಿಗೆ ಅಡ್ಡ ನಿಂತ ಗೂಳಿಯನ್ನೂ ‘ಗುರು’ ಅನ್ನುತ್ತಾನೆ. ನಾನು ಈ ಊರಿಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ಮನಸಾರೆ ಹಾಗೆ ಅಂದುಕೊಂಡದ್ದು ಒಬ್ಬರನ್ನೇ. ಅವರು ಹೋದ ತಿಂಗಳು ಗದಗದ ಕಡೆ, ತಮ್ಮ ತಂಗಿಯ ಮನೆಯಲ್ಲಿ ಲಿಂಗೈಕ್ಯರಾದರು. ಹೆಸರು ಬರೆಯುವುದಿಲ್ಲ. ಅದು ನಮ್ಮ ಆಸ್ಪತ್ರೆಯ ಕಡತದಲ್ಲಿದ್ದ ಹೆಸರು, ಅಲ್ಲೇ ಇರಲಿ. ಮಠದಲ್ಲಿ ಎಲ್ಲರೂ ಶಾಸ್ತ್ರಿಗಳು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಮೊದಲು ನನ್ನ ಕಥೆ ಎರಡು ಮಾತಿನಲ್ಲಿ. ಯಜಮಾನರಿಗೆ ಹುಬ್ಬಳ್ಳಿಯಿಂದ ಈ ಊರಿನ ರೈಲ್ವೆ ಕಚೇರಿಗೆ ವರ್ಗವಾಯಿತು. ನಾನು ಮನಶ್ಶಾಸ್ತ್ರ ಓದಿ ಮನೆಯಲ್ಲಿ ಕೂತಿದ್ದವಳು, ಇಲ್ಲಿನ ಲಂಕಾ ಎಂಬ ಬಡಾವಣೆ ದಾಟಿದ ಮೇಲೆ ಸಿಗುವ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಹಿಡಿದೆ. ಡಾಕ್ಟರು ರೋಗ ನೋಡುತ್ತಾರೆ, ನಾನು ರೋಗಿಯ ನೆನಪು, ಗಮನ, ವೇಗ ಇವುಗಳ ಅಳತೆ ತೆಗೆಯುತ್ತೇನೆ. ದರ್ಜಿ ಅಂಗಡಿಯಲ್ಲಿ ಟೇಪು ಹಿಡಿದು ನಿಲ್ಲುವವರ ಕೆಲಸ. ಬಟ್ಟೆ ಹೊಲಿಯುವುದು ಬೇರೆಯವರು. ಆದರೆ ಅಳತೆ ತಪ್ಪಿದರೆ ಹೊಲಿದದ್ದೆಲ್ಲ ವ್ಯರ್ಥ. ಈ ಮಾತನ್ನು ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ, ನಾಚಿಕೆ ಇಲ್ಲದೆ.

ಒಂದು ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಮಗಳಿಗೆ ಫೋನಿನಲ್ಲಿ ಬೈಯುತ್ತಿದ್ದೆ. ಬೈಗುಳ ಮಾತ್ರ ನನಗೆ ಇವತ್ತಿಗೂ ಕನ್ನಡದಲ್ಲೇ ಬರುವುದು. ಬೆಂಚಿನ ಮೇಲೆ ಕೂತಿದ್ದ, ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿದ್ದ ಎತ್ತರದ ಮನುಷ್ಯರೊಬ್ಬರು ಕಣ್ಣು ಮುಚ್ಚಿ, ಸಂಗೀತ ಕೇಳುವವರ ಹಾಗೆ ತಲೆದೂಗುತ್ತಿದ್ದರು. ನಾನು ಫೋನ್ ಇಟ್ಟ ಮೇಲೆ ಕಣ್ಣು ತೆರೆದು, “ಯಾಕವ್ವಾ ನಿಲ್ಲಿಸಿದಿ? ಹಾವೇರಿ ಕಡೆ ಬೈಗುಳ ಕೇಳಿ ಭಾಳ ವರ್ಷ ಆಗಿತ್ತು” ಅಂದರು.

ಅವರು ಕರ್ನಾಟಕದ ಮಠವೊಂದರ ಕಾಶಿಯ ಶಾಖೆಯಲ್ಲಿ ಇಪ್ಪತ್ತೈದು ವರ್ಷ ವೇದಪಾಠ ಹೇಳಿದವರು. ಮದುವೆ ಆಗಿರಲಿಲ್ಲ. ಬೆಳಗ್ಗೆ ಅವರ ಪಾಠ ನಡೆಯುವಾಗ ಆ ಓಣಿಯ ಹಾಲಿನವನೂ ಸೈಕಲ್ ಇಳಿದು ಹೋಗುತ್ತಿದ್ದ. ಪಾಠ ಹೇಳುವಾಗ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತಲೇ ಇರುತ್ತಿತ್ತು. ಊಟ ಮಾಡುವಾಗಲೂ ಎಡಗೈಯಲ್ಲಿ ಅದೇ ಓಡಾಟ. ಅವರ ಹಿಂದಿಯೋ, ಅರ್ಧ ಸಂಸ್ಕೃತ. ಒಮ್ಮೆ ನಾವಿಬ್ಬರೂ ಆಟೋದಲ್ಲಿ ಬರುತ್ತಿದ್ದಾಗ, “ಭ್ರಾತಾ, ಕಿಂಚಿತ್ ಶೀಘ್ರ ಚಲಿಯೇ” ಅಂದರು. ಆಟೋದವನು ಹಿಂದೆ ತಿರುಗಿ ಕೈಮುಗಿದು, “ಗುರು, ಆಗೇ ಜಾಮ್ ಬಾ” ಅಂದ, ಮುಂದೆ ದಾರಿ ಕಟ್ಟಿದೆ ಎಂದು. ಶಾಸ್ತ್ರಿಗಳು ನನ್ನ ಕಡೆ ತಿರುಗಿ, “ನೋಡವ್ವಾ, ಇಲ್ಲಿ ಗುರು ಅನ್ನಿಸ್ಕೊಳ್ಳಾಕ ವೇದ ಕಲೀಬೇಕಂತ ಇದ್ದಿಲ್ಲ, ಸುಮ್ನ ಆಟೋ ಹತ್ತಿದ್ರ ಸಾಕಿತ್ತು” ಅಂದು ನಕ್ಕರು.

ಅವರಿಗಿದ್ದದ್ದು ಬೈಪೋಲಾರ್ ಕಾಯಿಲೆ. ಮನಸ್ಸು ಒಮ್ಮೆ ಮುಗಿಲಿಗೆ ಏರುತ್ತದೆ, ಒಮ್ಮೆ ಪಾತಾಳಕ್ಕೆ ಇಳಿಯುತ್ತದೆ. ಏರಿದಾಗಿನ ಕಥೆಗಳನ್ನು ಮಠದವರು ಇವತ್ತಿಗೂ ಚಪ್ಪರಿಸಿ ಹೇಳುತ್ತಾರೆ. ಒಮ್ಮೆ ಕೇದಾರ ಘಾಟಿನ ಅಂಬಿಗರನ್ನೆಲ್ಲ ಮಠದ ಊಟಕ್ಕೆ ಕರೆದುಬಿಟ್ಟಿದ್ದರಂತೆ. ಅಡುಗೆಮನೆಗೆ ಹೇಳಿರಲಿಲ್ಲ. ಅರವತ್ತು ಜನ ಅಂಗಳದಲ್ಲಿ ಸಾಲಾಗಿ ಕೂತು ಎಲೆ ಬರುವುದನ್ನು ಕಾಯುತ್ತಿದ್ದರೆ, ಶಾಸ್ತ್ರಿಗಳು ನಡುವೆ ನಿಂತು ಗಂಗೆಯ ಮೇಲೆ ತಾವೇ ಕಟ್ಟಿದ ಶ್ಲೋಕ ಹೇಳುತ್ತಿದ್ದರಂತೆ. ಇನ್ನೊಮ್ಮೆ ಸೇತುವೆ ದಾಟಿ ಗಂಗೆಯ ಆಚೆ ದಡದ ರಾಮನಗರಕ್ಕೆ ನಡೆದುಹೋಗಿ, ಕೋಟೆಯ ಬಾಗಿಲಲ್ಲಿ ನಿಂತು ಕಾವಲಿನವರಿಗೆ ವೇದ ಹೇಳಿಕೊಟ್ಟು ಸ್ವರ ತಿದ್ದಿದ್ದರು. ಇಳಿದಾಗ ಇಂಥ ಕಥೆಗಳಿರುತ್ತಿರಲಿಲ್ಲ. ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು, ಅಷ್ಟೇ.

ನಾನು ಅವರನ್ನು ಕಂಡದ್ದು ಇದೆಲ್ಲ ಮುಗಿದ ಮೇಲೆ. ಲಿಥಿಯಂ ಗುಳಿಗೆ ಅವರಿಗೆ ಚೆನ್ನಾಗಿ ಒಗ್ಗಿತ್ತು. ಅದೂ ಒಂದು ಬಗೆಯ ಲವಣವೇ ಎಂದು ಡಾಕ್ಟರು ಹೇಳಿದ ದಿನದಿಂದ ಅದನ್ನು ‘ಉಪ್ಪಿನ ಗುಳಿಗಿ’ ಅನ್ನುತ್ತಿದ್ದರು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆರು ವರ್ಷ ಅವರ ಮನಸ್ಸು ಏರಲೂ ಇಲ್ಲ, ಇಳಿಯಲೂ ಇಲ್ಲ. ಎಲ್ಲರೂ ವಾಸಿಯಾಯಿತು ಅಂದುಕೊಂಡೆವು. ಅವರೊಬ್ಬರು ಮಾತ್ರ ಹಾಗೆ ಅಂದುಕೊಂಡಿರಲಿಲ್ಲ. “ಏರಿದಾಗ ಮಂದಿ ನಕ್ರು, ಇಳದಾಗ ಮಂದಿ ಅತ್ರು. ಈಗ ಸಮ ಇದೀನಿ, ಈಗ ಬೈತಾರ” ಅಂದಿದ್ದರು ಒಮ್ಮೆ. ನಾನು ಅದನ್ನು ಒಳ್ಳೆಯ ಮಾತು ಎಂದು ಡೈರಿಯಲ್ಲಿ ಬರೆದುಕೊಂಡೆ. ಯಾಕೆ ಬೈಯುತ್ತಾರೆ ಎಂದು ಕೇಳಲಿಲ್ಲ.

ಭಾನುವಾರ ಕೆಲವೊಮ್ಮೆ ಬಂಗಾಲಿ ಟೋಲಾದ ನಮ್ಮ ಬಾಡಿಗೆ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಿದ್ದರು. ಊರಿನಿಂದ ಜೋಳದ ಹಿಟ್ಟು ಬಂದರೆ ಅವರಿಗೆ ಹೇಳಿಕಳಿಸದೆ ಡಬ್ಬಿ ತೆರೆಯುತ್ತಿರಲಿಲ್ಲ ನಾನು. ಒಂದು ದಿನ ಮಗಳು ಹಿಂದಿಯಲ್ಲಿ ಶಾಲೆಯ ಕಥೆ ಹೇಳುತ್ತಿದ್ದಳು, ನಾನು ಒಲೆಯ ಮುಂದಿನಿಂದ, “ಶಾಸ್ತ್ರಿಗಳೇ, ಪಲ್ಯ ಹಾಕ್ಲೋ, ಮೊದಲ ಮೊಸರೋ?” ಅಂದೆ, ಅಷ್ಟರಲ್ಲಿ ಕುಕ್ಕರ್ ಕೂಗಿತು. ಅವರು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟರು. ಬೆರಳ ಗೆಣ್ಣಿನ ಮೇಲಿನ ಓಡಾಟವೂ ನಿಂತಿತು. ಆಮೇಲೆ ಕೈ ಎತ್ತಿ, “ಒಬ್ಬೊಬ್ಬರ ಬರ್ರಿ” ಅಂದರು. ನಾವು ತಾಯಿ ಮಗಳು ಹೊಟ್ಟೆ ಹಿಡಿದು ನಕ್ಕೆವು. ಮೇಷ್ಟರ ಶಿಸ್ತು ಅಂದುಕೊಂಡೆವು. ಅಳತೆ ತೆಗೆಯುವುದೇ ಉದ್ಯೋಗವಾದ ನನ್ನ ಕಣ್ಣೆದುರಿಗೇ, ನನ್ನ ಅಡುಗೆಮನೆಯಲ್ಲೇ, ಆ ಕಾಯಿಲೆಯ ಇನ್ನೊಂದು ಮುಖ ಕೂತು ರೊಟ್ಟಿ ತಿನ್ನುತ್ತಿತ್ತು.

ಆ ಮುಖದ ವಿಷಯ ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ನಮ್ಮ ಡಾಕ್ಟರು ಈ ಕಾಯಿಲೆಯವರ ಮೆದುಳಿನ ಎಂ.ಆರ್.ಐ. ಚಿತ್ರಗಳನ್ನು ಒಟ್ಟುಮಾಡುತ್ತಿದ್ದರು. ಶಾಸ್ತ್ರಿಗಳದ್ದೂ ತೆಗೆಸಿದ್ದರು. ಆ ದಿನ ಪರದೆಯ ಮೇಲೆ ಅವರ ಮೆದುಳನ್ನು ಅವರಿಗೇ ತೋರಿಸಿ ಡಾಕ್ಟರು ಹಿಂದಿಯಲ್ಲಿ ವಿವರಿಸಿದರು: ಬೂದು ಬಣ್ಣದ ಭಾಗ ಮೊಹಲ್ಲಾ ಇದ್ದ ಹಾಗೆ, ಯೋಚನೆ ಅಲ್ಲಿ ವಾಸ ಮಾಡುತ್ತದೆ; ಬಿಳಿ ಭಾಗ ಮೊಹಲ್ಲಾಗಳನ್ನು ಜೋಡಿಸುವ ಗಲ್ಲಿಗಳು, ಸುದ್ದಿ ಓಡಾಡುವುದು ಅಲ್ಲಿ. ಈ ಕಾಯಿಲೆ ಇರುವ ಹಲವರನ್ನು ಸೇರಿಸಿ ನೋಡಿದಾಗ ಬಿಳಿ ಭಾಗದ ಗಲ್ಲಿಗಳು ಅಷ್ಟು ಹಸನಾಗಿರುವುದಿಲ್ಲ, ಮನಸ್ಸು ಶಾಂತವಾಗಿದ್ದಾಗಲೂ ಕೆಲವರಿಗೆ ಯೋಚನೆ ನಿಧಾನವಾಗುತ್ತದೆ, ಒಂದರಿಂದ ಇನ್ನೊಂದಕ್ಕೆ ಹೊರಳುವುದು ಕಷ್ಟವಾಗುತ್ತದೆ. ಆದರೆ ಒಬ್ಬರ ಚಿತ್ರ ನೋಡಿ ಇವರಿಗೆ ಹೀಗೆ ಎಂದು ಹೇಳಲು ಬರುವುದಿಲ್ಲ. ಅದನ್ನು ಹೇಳಬೇಕಾದದ್ದು ಪರೀಕ್ಷೆ. ಇಷ್ಟು ಹೇಳಿ ಡಾಕ್ಟರು ನನ್ನ ಕಡೆ ಕೈ ತೋರಿಸಿದರು.

“ಬಿಳೀದು ಅಂದ್ರ ನಮ್ಮ ವಿಭೂತಿ ಹಂಗ?” ಎಂದು ಶಾಸ್ತ್ರಿಗಳು ನನ್ನನ್ನು ಕನ್ನಡದಲ್ಲಿ ಕೇಳಿದರು. ಹೌದೆಂದೆ.

ಅದಾಗಿ ಒಂದು ವಾರಕ್ಕೆ ನನ್ನ ಕೋಣೆಗೆ ಬಂದರು. ಮಠದಲ್ಲಿ ಯಾತ್ರಿಕರ ಉಸ್ತುವಾರಿ ನೋಡುತ್ತಿದ್ದವರು ಊರಿಗೆ ಮರಳಿದ್ದರು. ವ್ಯವಸ್ಥಾಪಕರು ಆ ಕೆಲಸವನ್ನೂ ಶಾಸ್ತ್ರಿಗಳಿಗೆ ಒಪ್ಪಿಸಬೇಕೆಂದಿದ್ದರು. ಬೇಡ ಎಂದಿದ್ದಕ್ಕೆ, ಆಗುವುದಿಲ್ಲವೆಂದರೆ ಆಸ್ಪತ್ರೆಯಿಂದ ಬರೆಸಿ ತನ್ನಿ ಎಂದಿದ್ದರಂತೆ.

“ಪಾಠಕ್ಕ ಏನೂ ತೊಂದ್ರಿ ಇಲ್ಲವ್ವಾ. ಅದು ಒಂದ ದಾರಿ, ಕಣ್ಣು ಮುಚ್ಚಿ ನಡೀತೀನಿ. ಯಾತ್ರಿಕರದು ಹಂಗಲ್ಲ. ಒಬ್ಬರು ಸ್ಟೇಷನ್ನಿನ್ಯಾಗ ಇಳೀತಾರ, ಒಬ್ಬರಿಗೆ ದೋಣಿ ಬೇಕು, ಒಬ್ಬರಿಗೆ ಬಿಸಿನೀರು. ನಾಕು ಕಡೆಯಿಂದ ಒಮ್ಮೆಲೆ ಬಂದ್ರ ನನ್ನ ತಲಿ ನಿಂತಬಿಡತೈತಿ. ಪಾಠ ಇರ್ಲಿ, ಅದೊಂದು ಬ್ಯಾಡ ಅಂತ ಬರದು ಕೊಡು. ಸುಳ್ಳ ಬರೀಬ್ಯಾಡ. ಪರೀಕ್ಷೆ ಮಾಡು, ಆಮ್ಯಾಲ ಬರಿ.”

ಪರೀಕ್ಷೆ ಮಾಡಿದೆ. ಮೊದಲು ನೆನಪಿನದು. ಒಂದಕ್ಕೊಂದು ಸಂಬಂಧವಿಲ್ಲದ ಹದಿನೈದು ಪದಗಳನ್ನು ಓದಿದೆ: ಬಾಗಿಲು, ಕುದುರೆ, ಬೆಲ್ಲ, ಕೊಡೆ, ಹೀಗೆ. ಸಾಮಾನ್ಯರು ಏಳೋ ಎಂಟೋ ಹೇಳಿ ತಲೆ ಕೆರೆದುಕೊಳ್ಳುತ್ತಾರೆ. ಶಾಸ್ತ್ರಿಗಳ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು. ಹದಿನೈದನ್ನೂ ಹೇಳಿದರು. ಆಮೇಲೆ ಕ್ರಮಪಾಠದಲ್ಲಿ, ಅಂದರೆ ವೇದದ ಪದಗಳನ್ನು ಜೋಡಿ ಜೋಡಿಯಾಗಿ ಕಟ್ಟಿ ಹೇಳುವ ಕ್ರಮದಲ್ಲಿ, “ಬಾಗಿಲು ಕುದುರೆ, ಕುದುರೆ ಬೆಲ್ಲ, ಬೆಲ್ಲ ಕೊಡೆ” ಎಂದು ಸ್ವರ ಹಾಕಿ ಹೇಳಿದರು. ಹಿಂದುಮುಂದಾಗಿಯೂ ಹೇಳಿದರು. ಅರ್ಧ ಗಂಟೆ ಬಿಟ್ಟು ಕೇಳಿದರೂ ಒಂದು ಪದ ಜಾರಿರಲಿಲ್ಲ. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

ಅವರ ಮುಖ ಬಾಡಿತು. “ಇದು ನನ್ನ ಬುದ್ಧಿ ಅಲ್ಲವ್ವಾ, ನನ್ನ ಗುರುವಿನ ಬೆತ್ತ. ಇದನ್ನ ನೋಡಿ ಬರೀಬ್ಯಾಡ” ಅಂದರು.

ಸತ್ಯವನ್ನೇ ಹೇಳಿದ್ದರು. ನಾನು ಅದನ್ನು ವಿನಯ ಅಂದುಕೊಂಡೆ. ನಮ್ಮ ಕಡೆಯ ದೊಡ್ಡವರು ತಮ್ಮ ವಿದ್ಯೆಯನ್ನು ಎಂದಾದರೂ ತಮ್ಮದು ಅಂದದ್ದುಂಟೇ?

ಮುಂದಿನದು ವೇಗದ ಪರೀಕ್ಷೆ. ಕಾಗದದ ಮೇಲೆ ಚದುರಿದ ಅಂಕಿಗಳನ್ನೂ ಅಕ್ಷರಗಳನ್ನೂ ಒಂದು ಬಿಟ್ಟು ಒಂದರಂತೆ ಗೆರೆ ಎಳೆದು ಜೋಡಿಸಬೇಕು. ಇನ್ನೊಂದು ಹಾಳೆಯಲ್ಲಿ ಅಂಕಿಗಳ ಕೆಳಗೆ ಗುರುತು ಬರೆಯಬೇಕು. ಎರಡಕ್ಕೂ ಜೀವಾಳ ಸಮಯ. ಸ್ಟಾಪ್‌ವಾಚ್ ಹಿಡಿಯದಿದ್ದರೆ ಅದು ಪರೀಕ್ಷೆಯೇ ಅಲ್ಲ, ಮಕ್ಕಳ ಚಿತ್ರ ಬಿಡಿಸುವ ಆಟ.

ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಒರೆಸಿಕೊಂಡು, ಪೆನ್ಸಿಲ್ ಹಿಡಿದು, ಹೊಸದಾಗಿ ಶಾಲೆಗೆ ಸೇರಿದವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮಠದ ಅಂಗಳದಲ್ಲಿ ಕಂಡರೆ ಬಾಗಿ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದವಳು ನಾನು. ಅಂಥವರ ಮುಂದೆ ಗಡಿಯಾರ ಹಿಡಿದು, ‘ಹೂಂ, ಶುರು ಮಾಡ್ರಿ’ ಅನ್ನುವುದೇ? ಸ್ಟಾಪ್‌ವಾಚನ್ನು ಮೇಜಿನ ಖಾನೆಯೊಳಕ್ಕೆ ಸರಿಸಿದೆ. “ಅವಸರ ಇಲ್ರಿ ಶಾಸ್ತ್ರಿಗಳೇ, ಸಾವಕಾಶ ಮಾಡ್ರಿ” ಅಂದೆ.

ಸಾವಕಾಶವಾಗಿಯೇ ಮಾಡಿದರು. ಚಹಾ ತರಿಸಿದೆ, ಅದು ಆರಿ ಕೆನೆ ಕಟ್ಟಿತು. ಹಾಳೆ ಕೈಗೆ ಬಂದಾಗ ಒಂದು ತಪ್ಪೂ ಇರಲಿಲ್ಲ. ವರದಿಯ ನಮೂನೆಯಲ್ಲಿ ವೇಗದ ಜಾಗ ಖಾಲಿ ಬಿಡುವಂತಿಲ್ಲ. ‘ವಯಸ್ಸಿಗೆ ತಕ್ಕಂತಿದೆ’ ಎಂದು ತುಂಬಿದೆ. ಕೊನೆಯಲ್ಲಿ, ‘ನೆನಪು ಅತ್ಯುತ್ತಮ, ಒಟ್ಟಾರೆ ಸಹಜ’ ಎಂದು ಬರೆದು ಸಹಿ ಹಾಕಿದೆ. ನಾನು ಅವರಿಗೆ ಗೌರವ ಕೊಟ್ಟೆ ಎಂದುಕೊಂಡೆ. ಅವರು ಕೇಳಿದ್ದು ಗೌರವವನ್ನಲ್ಲ, ಅಳತೆಯನ್ನು. ವರದಿ ಓದಿ ಮಡಿಚಿ ಶಲ್ಯದ ಗಂಟಿನಲ್ಲಿ ಇಟ್ಟುಕೊಂಡು ಹೋದರು.

ಉಸ್ತುವಾರಿ ಅವರ ಕೊರಳಿಗೆ ಬಿತ್ತು. ಎರಡು ತಿಂಗಳು ಹೇಗೋ ನಡೆಯಿತು. ಮಹಾಶಿವರಾತ್ರಿಯ ಹಿಂದಿನ ವಾರ ಒಂದೇ ಬೆಳಗ್ಗೆ ಮೂರು ತಂಡ ಬಂದವು. ಒಂದನ್ನು ಸ್ಟೇಷನ್ನಿನಿಂದ ಕರೆತರಬೇಕು, ಒಂದನ್ನು ದೋಣಿಯಲ್ಲಿ ರಾಮನಗರಕ್ಕೆ ಕಳಿಸಬೇಕು, ಮೂರನೆಯದಕ್ಕೆ ಕೋಣೆ ಕೊಡಬೇಕು. ಮೂರಕ್ಕೂ ಚೀಟಿ ಬರೆದು ಕೈಯಲ್ಲಿ ಹಿಡಿದಿದ್ದರಂತೆ. ಸುತ್ತ ಜನ, ಫೋನು, ಗದ್ದಲ. ಅವರು ಅಂಗಳದ ನಡುವೆ ನಿಂತು ಮೊದಲನೆಯ ಚೀಟಿಯನ್ನೇ ಮತ್ತೆ ಮತ್ತೆ ಓದುತ್ತಿದ್ದರಂತೆ. ಸ್ಟೇಷನ್ನಿನಲ್ಲಿ ಇಳಿದವರು ನಾಲ್ಕು ಗಂಟೆ ಕಾದರು. ಅವರಲ್ಲೊಬ್ಬಳು ಮುದುಕಿ ತಲೆಸುತ್ತಿ ಬಿದ್ದು ಹಣೆ ಒಡೆದುಕೊಂಡಳು.

ವ್ಯವಸ್ಥಾಪಕರು ಕೆಟ್ಟವರಲ್ಲ, ಮುಂಗೋಪಿ. ಪಾಠಶಾಲೆಯವರೂ ಯಾತ್ರಿಕರೂ ನೋಡುತ್ತಿದ್ದಂತೆ ನನ್ನ ವರದಿ ತರಿಸಿ ಎತ್ತಿ ಹಿಡಿದರಂತೆ. “ತಲಿ ಚಲೋ ಐತಿ ಅಂತ ದವಾಖಾನ್ಯಾಗ ಬರದುಕೊಟ್ಟಾರ. ಬ್ಯಾನಿ ಇದ್ರ ಸುಮ್ನಿರ್ತಿದ್ದೆ. ಇದು ಬ್ಯಾನಿ ಅಲ್ಲ, ಮೈಗಳ್ಳತನ!”

ಇದನ್ನು ಶಾಸ್ತ್ರಿಗಳೇ ನನ್ನ ಕೋಣೆಗೆ ಬಂದು ಹೇಳಿದರು. ನನ್ನ ಮೇಲೆ ಒಂದು ಮಾತಿನ ಸಿಟ್ಟಿಲ್ಲ. “ಅವರು ಅಂದದ್ದು ಖರೆ ಇರಬೇಕೇನು ಅಂತ ಅನಸ್ತೈತಿ. ಕಾಗದ ಸುಳ್ಳ ಹೇಳತೈತೇನು? ನನ್ನೊಳಗ ಕಳ್ಳ ಅದಾನ, ನನಗ ಗೊತ್ತಿಲ್ಲ” ಅಂದರು.

ಹೊಸ ಹಾಳೆ ತೆಗೆದೆ. ಈ ಸಲ ಸ್ಟಾಪ್‌ವಾಚ್ ಹಿಡಿದೆ. ಮುಳ್ಳು ಓಡಿತು, ಅವರ ಪೆನ್ಸಿಲ್ ಎರಡು ಅಂಕಿಗಳ ನಡುವೆ ನಿಂತು ನಿಂತು ನಡೆಯಿತು. ಅವರ ವಯಸ್ಸಿನವರಿಗೆ ಬೇಕಾಗುವುದಕ್ಕಿಂತ ಎರಡರಷ್ಟಕ್ಕೂ ಹೆಚ್ಚು ಹೊತ್ತು ಹಿಡಿಯಿತು. ತಪ್ಪು ಮಾತ್ರ ಆಗಲೂ ಒಂದೂ ಇರಲಿಲ್ಲ.

“ಶಾಸ್ತ್ರಿಗಳೇ, ಇದು ಬ್ಯಾನೀದ ಕೆಲಸ. ನೀವು ಹೇಳಿದ್ದು ಖರೇನ ಇತ್ತು. ತಪ್ಪು ನಂದು. ಅವತ್ತು ನಾನು ಗಡಿಯಾರ ಹಿಡೀಲಿಲ್ಲ” ಅಂದೆ.

ಇಂಥ ಸುದ್ದಿ ಕೇಳಿ ಮನುಷ್ಯರ ಮುಖ ಅರಳುವುದನ್ನು ನಾನು ಅದೊಂದೇ ಸಲ ನೋಡಿದ್ದು. “ಹಂಗಾದ್ರ ನಾನು ಕಳ್ಳ ಅಲ್ಲ” ಅಂದರು. ಎರಡು ಸಲ ಅಂದರು. ಆಮೇಲೆ ಸಂಕೋಚದಿಂದ, “ಇಷ್ಟನ್ನ ಮಠಕ್ಕ ಬಂದು ಹೇಳ್ತೀಯೇನವ್ವಾ? ಎಲ್ಲಾರ ಮುಂದ ಅಂದಾರ, ಎಲ್ಲಾರ ಮುಂದ ಹೇಳಬೇಕು. ಪಾಠ ಮಾಡಬಲ್ಲೆ ಅಂತನೂ ಹೇಳಬೇಕು” ಅಂದರು.

“ಸೋಮವಾರ ಬರ್ತೀನ್ರಿ” ಎಂದು ಮಾತು ಕೊಟ್ಟೆ.

ಭಾನುವಾರ ಎಲ್ಲವೂ ಬೇರೆ ತರಹ ಕಂಡಿತು. ಅಲ್ಲಿ ಹೋಗಿ ಹೇಳುವುದೆಂದರೆ ಮೊದಲ ವರದಿಯಲ್ಲಿ ಅಳೆಯದೆಯೇ ಬರೆದೆ ಎಂದು ಒಪ್ಪಿಕೊಳ್ಳುವುದು. ಮಾತು ಆಸ್ಪತ್ರೆಗೆ ಮುಟ್ಟದೆ ಇರುತ್ತದೆಯೇ? ಆ ತಿಂಗಳೇ ನನ್ನ ಗುತ್ತಿಗೆ ಮುಗಿದು ಮುಂದುವರಿಯಬೇಕಿತ್ತು. ಯಜಮಾನರು, “ಬರದು ಕಳಿಸು, ಸಾಕು. ಹೋಗಿ ಯಾಕ ನಿಲ್ಲತಿ?” ಅಂದರು. ಅವರ ಮೇಲೆ ತಪ್ಪು ಹೊರಿಸುವುದಿಲ್ಲ; ನನಗೆ ಬೇಕಾದದ್ದನ್ನೇ ಅವರು ಹೇಳಿದ್ದರು. ಹೊಸ ವರದಿ ಬರೆದೆ. ‘ಹಿಂದಿನ ವರದಿ ತಪ್ಪು’ ಎಂದು ಬರೆಯಲು ಕೈ ಬರಲಿಲ್ಲ. ‘ಮರುಪರೀಕ್ಷೆಯಲ್ಲಿ ವೇಗ ಇಳಿದಿರುವುದು ಕಂಡುಬಂದಿದೆ’ ಎಂದು ಬರೆದೆ. ಮೊದಲು ಸರಿಯಿತ್ತು, ಈಗ ಇಳಿದಿದೆ ಎಂದು ಓದಿಕೊಳ್ಳಲಿ ಎಂದು; ನನ್ನ ಮಾನ ಉಳಿಸುವುದಕ್ಕೆ ‘ಇಳಿದಿರುವುದು’ ಎಂಬ ಒಂದೇ ಮಾತು ಸಾಕಾಯಿತು. ಪಾಠ ಮಾಡಬಲ್ಲರು ಎಂಬುದನ್ನು ಬರೆಯಲಿಲ್ಲ. ಅದನ್ನು ವ್ಯವಸ್ಥಾಪಕರ ವಾಟ್ಸಾಪಿಗೆ ಕಳಿಸಿ ನೀಲಿ ಗುರುತು ಬಂದ ಮೇಲೆ ಹಗುರಾಗಿ ಉಸಿರು ಬಿಟ್ಟೆ.

ಸೋಮವಾರ ಮಠಕ್ಕೆ ಹೋಗಲಿಲ್ಲ. ಆಮೇಲೆ ಶಾಸ್ತ್ರಿಗಳೂ ಆಸ್ಪತ್ರೆಗೆ ಬರಲಿಲ್ಲ. ತಂಗಿಯ ಊರಿಗೆ ಹೋದರೆಂದು ಎರಡು ವಾರದ ಮೇಲೆ ತಿಳಿಯಿತು. ವಯಸ್ಸಾಯಿತು, ದಣಿದಿದ್ದರು, ವಿಶ್ರಾಂತಿ ಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಗದಗಕ್ಕೆ ಫೋನ್ ಮಾಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ನಾಲ್ಕು ವರ್ಷ ಅಂದುಕೊಳ್ಳುತ್ತಲೇ ಇದ್ದೆ.

ಹೋದ ವಾರ ಮಠದಲ್ಲಿ ಅವರ ಹೆಸರಿನಲ್ಲಿ ಪ್ರಸಾದವಿತ್ತು. ಹೋಗಿದ್ದೆ. ಪಾಠಶಾಲೆಯವರು ರುದ್ರ ಹೇಳಿದರು, ಸ್ವರ ಅವರದ್ದೇ. ವ್ಯವಸ್ಥಾಪಕರಿಗೆ ಈಗ ಮಂಡಿನೋವು, ಕೋಲು ಹಿಡಿದು ಬಂದು ನನ್ನ ಪಕ್ಕದಲ್ಲಿ ಕೂತರು. ಇನ್ನು ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ: ಗಡಿಯಾರ ಹಿಡಿಯದೆ ಬರೆದದ್ದು, ಅವರ ಬುದ್ಧಿ ಹೊಸದಾಗಿ ಇಳಿದಿರಲಿಲ್ಲ ಎಂಬುದು, ಆ ನಿಧಾನದಲ್ಲೂ ಅವರು ಇನ್ನೂ ಹತ್ತು ವರ್ಷ ಪಾಠ ಹೇಳಬಹುದಾಗಿತ್ತು ಎಂಬುದು.

ಅವರು ಕೋಲನ್ನು ಪಕ್ಕಕ್ಕಿಟ್ಟರು. “ನೀವು ಕಳಿಸಿದ ಎರಡನೇ ಕಾಗದ ನೋಡಿ ನಾನು ಪಾಠಾನೂ ಬಿಡಿಸಿದೆನವ್ವಾ. ಬುದ್ಧಿ ಇಳ್ಯಾಕ ಹತ್ತೈತಿ ಅಂತ ಬರದಿದ್ರಿ. ವೇದದಾಗ ತಪ್ಪಾದ್ರ ಹೆಂಗ ಅಂತ ಹೆದರಿದೆ. ನಾಳೆಯಿಂದ ಪಾಠ ಬ್ಯಾಡ ಅಂದೆ. ಅವರು ಜಗಳ ಮಾಡ್ಲಿಲ್ಲ. ಹೋಗಿ ದೊಡ್ಡ ಬಾಗಿಲ ಕಟ್ಟಿ ಮ್ಯಾಲ ಕುಂತರು. ಮೂರು ದಿನ ಕುಂತರು. ಒಳಗ ಬರ್ರಿ ಶಾಸ್ತ್ರಿಗಳೇ, ಬಿಸಲ ಐತಿ ಅಂದ್ರ, ‘ಇಲ್ಲ, ದವಾಖಾನಿ ತಂಗಿ ಬರಾಕಿ ಅದಾಳ. ಆಕಿ ಬಂದು ಹೇಳಿದ ಮ್ಯಾಲ ನೀವ ಕರದು ಪಾಠಕ್ಕ ಕುಂದ್ರಸ್ತೀರಿ’ ಅಂದ್ರು. ನಾಕನೇ ದಿನ ಗಂಟು ಕಟ್ಟಿದ್ರು.”

ಬಂಗಾಲಿ ಟೋಲಾದ ನಮ್ಮ ಮನೆಯಿಂದ ಆ ಕಟ್ಟೆಗೆ ಹತ್ತು ನಿಮಿಷದ ನಡಿಗೆ.

“ಆವಾಗ ನೀವು ಊರಾಗ ಇದ್ದಿಲ್ಲೇನ್ರಿ?” ಎಂದು ವ್ಯವಸ್ಥಾಪಕರು ಕೇಳಿದರು. ಹಾಗಿರಬೇಕು ಎಂದು ಅವರು ಇಷ್ಟು ವರ್ಷ ನಂಬಿದ್ದರು.

“ಇದ್ದೆರಿ” ಅಂದೆ.